ವಿಭೂತಿ ಹಚ್ಚಿದ ಸಿಡಿ

ಒಂದು ಅಗ್ಗದ ಸಿಡಿಯ ವಿಷಯದಲ್ಲಿ ನಾನು ನನ್ನ ತಾಯಿಯ ಮೇಲೆ ಇಲ್ಲದ ತಪ್ಪು ಹೊರಿಸಿದ್ದೇನೆ. ಇಷ್ಟು ವರ್ಷಗಳ ಮೇಲೂ ನೆನೆದರೆ ಕಿವಿ ಬಿಸಿಯಾಗುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬೋಗಾದಿಯಲ್ಲಿ ಬಾಡಿಗೆಗಿದ್ದೆವು. ಎಂಟು ವರ್ಷದ ಮಗಳು ಶಿಲ್ಪಾಳಿಗೆ ಟಿವಿಯಲ್ಲಿ ಬರುತ್ತಿದ್ದ ಜಪಾನಿನ ವೀರನೊಬ್ಬನ ಹುಚ್ಚು. ಕೆಂಪು ಪೋಷಾಕು, ಬೆಳ್ಳಿ ಬಣ್ಣದ ಹೆಲ್ಮೆಟ್ಟು. ವಾರಕ್ಕೊಬ್ಬ ರಾಕ್ಷಸನನ್ನು ಹಾರಿ ಒದೆಯುವುದು ಅವನ ಉದ್ಯೋಗ. ಅಮ್ಮನೂ ಪಕ್ಕದಲ್ಲೇ ಕೂರುತ್ತಿದ್ದರು. ಮಾತೆಲ್ಲ ಹಿಂದಿ, ಅಮ್ಮನಿಗೆ ಒಂದಕ್ಷರ ಬಾರದು. ಆದರೂ ಮೊಮ್ಮಗಳಿಗೆ ಅರ್ಥ ಹೇಳುವವರು ಅವರೇ. “ನೋಡು, ಆ ಕೊಂಬಿನವನು ಇವನಿಗೆ ದಾಯಾದಿ ಕಣಮ್ಮ. ಜಮೀನಿನ ತಕರಾರು.” ಶಿಲ್ಪಾ ನಂಬುತ್ತಿದ್ದಳು. ನನಗೂ ಅದೇ ಸರಿ ಎನ್ನಿಸುತ್ತಿತ್ತು.

ಕೊನೆಯ ಕಂತಿನ ದಿನ ಕರೆಂಟು ಹೋಯಿತು. ವೀರ ಬದುಕಿದನೋ ಇಲ್ಲವೋ ತಿಳಿಯದೆ ಮಗಳು ಊಟ ಬಿಟ್ಟಳು. ಮರುದಿನ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಕೊನೆಯ ನಾಲ್ಕು ಕಂತುಗಳ ಸಿಡಿ ತಂದೆ.

ಅದನ್ನು ನೋಡಿ ಮೊದಲು ಬೆಚ್ಚಿದವನು ನಾನು. ಕವರಿನ ಮೇಲೆ ಬೇರೆ ಯಾವುದೋ ವೀರನ ಚಿತ್ರ. ಒಳಗೆ ನಮ್ಮವನ ಕೆಂಪು ತೊಳೆದು ತೊಳೆದು ಬಿಳಿಚಿದ ಟವೆಲ್ಲಿನಂತಾಗಿತ್ತು. ಹೊಗೆ ಎದ್ದಾಗಲೆಲ್ಲ ಪರದೆ ಚೌಕಳಿ ಲುಂಗಿಯಾಗುತ್ತಿತ್ತು. ಮಾತು ತುಟಿಗಿಂತ ಹಿಂದೆ ಬರುತ್ತಿದ್ದುದರಿಂದ ರಾಕ್ಷಸರು ಸತ್ತು ಬಿದ್ದ ಮೇಲೆ ಅಬ್ಬರಿಸುತ್ತಿದ್ದರು. ಇದಿಷ್ಟನ್ನೂ ಸಹಿಸಿದೆವು. ನಾಲ್ಕನೆಯ ಕಂತು ಅರ್ಧಕ್ಕೆ ಬಂದಿತು. ವೀರ ಮೇಲೆ ಹಾರಿದ. ಎಡಗಾಲು ಚಾಚಿದ. ರಾಕ್ಷಸ ಬಾಯಿ ತೆರೆದ. ಪರದೆ ನೀಲಿಯಾಯಿತು.

ಸಿಡಿ ಹೊರತೆಗೆದೆ. ಅಂಚಿನಲ್ಲಿ ಬಿಳಿ ಪುಡಿ. ಬೆರಳಿಗೆ ತಾಗಿಸಿ ನೋಡಿದೆ: ವಿಭೂತಿ.

“ಹಾಕೋಕ್ ಮುಂಚೆ ಬೆರಳಿನ ಗುರುತು ಇತ್ತು, ಒರೆಸ್ದೆ ಕಣೋ,” ಎಂದರು ಅಮ್ಮ. “ಬೆಳ್ಳಿ ದೀಪ ಬೆಳಗೋ ಹಂಗೇ.”

“ನೀನೇ ಹಾಳ್ಮಾಡ್ಬುಟ್ಟೆ ಕಣಮ್ಮ!”

“ಅಲ್ವೋ, ಒರೆಸಿದ್ಮೇಲೂ ಮೂರು ಕಂತು ಚೆನ್ನಾಗೇ ಬಂತಲ್ಲ?”

ಅದು ಒಳ್ಳೆಯ ಪ್ರಶ್ನೆ. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಮೂರು ಸಲ ಅಳೆಯದೆ ಉತ್ತರ ಬರೆಯಬೇಡಿ ಎಂದು ಹುಡುಗರನ್ನು ಗದರಿಸುವುದೇ ನನ್ನ ಕೆಲಸ. ಆ ದಿನ ಒಂದು ಸಲವೂ ಅಳೆಯಲಿಲ್ಲ. ಶಿಲ್ಪಾ ಅಜ್ಜಿಯೊಂದಿಗೆ ಮಾತು ಬಿಟ್ಟಳು. ಅಮ್ಮ ಟಿವಿಯ ಹೊತ್ತಿಗೆ ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಳ್ಳತೊಡಗಿದರು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುವುದನ್ನು ನಾನು ಕಣ್ಣಾರೆ ಕಂಡೆ.

ಹತ್ತು ದಿನವಾದ ಮೇಲೆ ಇನ್ನೊಂದು ಪ್ರತಿ ಕೊಳ್ಳಲು ಅದೇ ಅಂಗಡಿಗೆ ಹೋದೆ. ಈ ಸಲ ಹಾಕಿ ತೋರಿಸಿ ಎಂದೆ. ಅಂಗಡಿಯವರು ನನ್ನೆದುರಿಗೇ ಹೊಸ ಸಿಡಿಯ ಕವರು ಹರಿದರು, ಕೊನೆಯ ಕಂತಿಗೆ ಓಡಿಸಿದರು. ವೀರ ಹಾರಿದ. ಎಡಗಾಲು. ತೆರೆದ ಬಾಯಿ. ನೀಲಿ.

“ಇದು ಇಷ್ಟೇ ಸಾರ್. ಎಲ್ಲಾ ಕಾಪೀನೂ ಇಷ್ಟೇ. ಇಷ್ಟ್ ದಿನ ಯಾರೂ ಕೇಳೇ ಇರ್ಲಿಲ್ಲ.”

ಕವರು ತಿರುಗಿಸಿದೆ. ನಾಲ್ಕು ಕಂತು, ಒಂದೊಂದೂ ಇಪ್ಪತ್ತು ನಿಮಿಷಕ್ಕೆ ಮೇಲೆ. ಇಂಥ ಸಿಡಿ ಹಿಡಿಸುವುದು ಒಂದು ಗಂಟೆ, ಮೇಲೆ ಸ್ವಲ್ಪ. ತುಂಬಿದ ಪೆಟ್ಟಿಗೆಯ ಮುಚ್ಚಳ ಹಾಕುವಾಗ ಹೊರಗೆ ಉಳಿದ ಕಾಲನ್ನು ಯಾರೋ ಕತ್ತರಿಸಿ ಬಿಸಾಡಿದ್ದರು. ಲೆಕ್ಕ ಮೊದಲ ದಿನದಿಂದಲೂ ನನ್ನ ಕೈಯಲ್ಲಿದ್ದ ಕವರಿನ ಮೇಲೇ ಅಚ್ಚಾಗಿತ್ತು. ಅಗ್ಗದ ಮಾಲು ಮಾಡಿದವರು ಕಥೆಯ ಬಾಲ ಕತ್ತರಿಸಿದ್ದಕ್ಕಿಂತ, ಅದನ್ನು ನಾನು ಅಷ್ಟು ಸುಲಭವಾಗಿ ಅಮ್ಮನ ಕೈಗೆ ಅಂಟಿಸಿದ್ದು ನನ್ನನ್ನು ನಡುಗಿಸಿತು.

ಮನೆಗೆ ಬಂದು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದೆ. “ತಪ್ಪು ಅಜ್ಜೀದಲ್ಲ. ನಂದು.”

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. “ನಂಗೊತ್ತಿತ್ತು ಬುಡು,” ಎಂದರು. ಶಿಲ್ಪಾ ಮೆಲ್ಲಗೆ ಸರಿದು ಅಜ್ಜಿಯ ತೊಡೆಗೆ ಒರಗಿದಳು. ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ನಿಜವಾದ ಚಿಂತೆ ನೆನಪಾಯಿತು.

“ಅಪ್ಪ, ಹಂಗಾದ್ರೆ ಅವನು ಬದುಕಿದ್ನಾ?”

ಬದುಕಿದ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ತಡೆದೆ.

“ಗೊತ್ತಿಲ್ಲ ಕಣಮ್ಮ. ನಾನು ನೋಡಿಲ್ಲ.”

ಹತ್ತು ದಿನಗಳಲ್ಲಿ ಮೊದಲ ಸಲ ಅಮ್ಮ ನನ್ನ ಕಡೆ ತಿರುಗಿ ನಕ್ಕರು.