ದೊರೆಯ ಜೋಡು

೧೯೭೩ರಲ್ಲಿ ನಾನು ಹಿರಿಯೂರು ತಾಲ್ಲೂಕಿನಲ್ಲಿ, ಹರಿಯಬ್ಬೆಯಿಂದ ಆಚೆಗಿನ ಒಂದು ಹಳ್ಳಿಯ ಪ್ರೌಢಶಾಲೆಗೆ ಹೆಡ್‌ಮಾಸ್ಟರ್ ಆಗಿದ್ದೆ. ಒಂಬತ್ತೂಮುಕ್ಕಾಲಿಗೆ ಗಂಟೆ, ಒಂಬತ್ತೂ ಐವತ್ತಕ್ಕೆ ಪ್ರಾರ್ಥನೆ. ಅಲ್ಲಿದ್ದ ಐದು ವರ್ಷಗಳಲ್ಲಿ ಇದು ತಪ್ಪಿದ್ದು ಒಂದೇ ದಿನ.

ಶಾಲೆಗೆ ಸ್ವಂತ ಜಾಗವಿರಲಿಲ್ಲ. ಕುರಿಗಾರರ ಹಿರಿಯ ಗಿರಿಯಜ್ಜ, ತಮ್ಮ ಮಂದೆ ತಂಗುತ್ತಿದ್ದ ಎರಡು ಎಕರೆ ಕೊಡಲು ಒಪ್ಪಿದ್ದರು. ಊರವರು ಅಲ್ಲೊಂದು ಹಾಲ್ ಕಟ್ಟಿದರು. ಉದ್ಘಾಟನೆಯ ದಿನ ಹನ್ನೊಂದಕ್ಕೆ ಶಾಲಾ ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ದಾನಪತ್ರಕ್ಕೆ ಅಜ್ಜನ ಸಹಿ ಬೀಳದಿದ್ದರೆ ಶಾಲೆಯ ಮಾನ್ಯತೆಯೇ ಹೋಗುತ್ತಿತ್ತು. ಅಜ್ಜನದು ಒಂದೇ ಷರತ್ತು: "ಹಾಲ್‌ನಾಗೆ ದುರ್ಗದ ದೊರೆ ಪಟ ಹಾಕ್ರಿ."

ನಮ್ಮ ಡ್ರಾಯಿಂಗ್ ಮಾಸ್ಟರ್ ಸದಾನಂದ ಆಗಷ್ಟೇ ತರಬೇತಿ ಮುಗಿಸಿ ಬಂದಿದ್ದರು. ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ನಿಂತು ಎರಡು ವರ್ಷವಾಗಿತ್ತು. "ಕಿರೀಟ, ಕತ್ತಿ ಎಲ್ಲ ಹಳೇದು ಸಾರ್. ನಾನು ಜನರ ರಾಜನನ್ನ ಬರೀತೀನಿ" ಎಂದರು. ಮೂರು ವಾರ ಬರೆದರು. ನಾನು ಒಮ್ಮೆಯೂ ಇಣುಕಿ ನೋಡಲಿಲ್ಲ; ತಪ್ಪು ನನ್ನದೇ.

ಅಂದು ಪಟದ ಮುಂದೆಯೇ ಪ್ರಾರ್ಥನೆ ಎಂದು ಕಾದಿದ್ದೆವು; ಹತ್ತು ಗಂಟೆಗೆ ಪರದೆ ಸರಿಯಿತು. ಬೋಳು ತಲೆ, ಕೊಕ್ಕರೆಯಂಥ ಕತ್ತು, ಹಸಿರು ಮುಖ. ಸೇರಿದ್ದ ಊರವರು ಶುರು ಮಾಡಿದರು.

"ಮುಖ ಯಾಕ್ಲೇ ಹಸಿರೈತೆ?"

"ಅಷ್ಟು ಕಾಲ ಬೆಟ್ಟದ ಮ್ಯಾಲಿದ್ರೆ ಪಾಚಿ ಕಟ್ಟಲ್ವೇನಲೇ?"

"ಕಿರೀಟ ಎಲ್ಲೋತು?"

"ರಾಜಧನದ ಜತಿಗೆ ಸರ್ಕಾರ ಅದನ್ನೂ ಕಸ್ಕಂಡೈತೆ, ಬಿಡು."

ಎಲ್ಲರೂ ನಕ್ಕರು. ಬಚಾವಾದೆ ಅಂದುಕೊಂಡೆ. ಗಿರಿಯಜ್ಜ ಮಾತ್ರ ನಗಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದರು.

"ಮೇಷ್ಟ್ರೆ, ಕಾಲ ಕೆಳಗೆ ಹಾಸಿರೋದು ಏನ್ರಿ?"

"ನಿಮ್ಮ ಕರಿಕಂಬಳಿ ಅಜ್ಜ! ರತ್ನಗಂಬಳಿ ಬೇಡ ಅಂತ ಬೇಕಂತಲೇ ಬರೆದೆ" ಎಂದು ಸದಾನಂದ ಬೀಗಿದರು.

"ಅದ್ರ ಮ್ಯಾಲೆ ಜೋಡು ಮೆಟ್ಕಂಡು ನಿಂತವ್ನಲ್ರೀ!"

ನಮ್ಮ ಕಡೆ ಕಂಬಳಿ ಹಾಸಿದರೆ ಅದು ಗದ್ದಿಗೆ. ದೇವರು ಕೂರುವುದೂ ಅದರ ಮೇಲೆ, ನ್ಯಾಯ ಹೇಳುವುದೂ ಅದರ ಮುಂದೆ. ಚಪ್ಪಲಿ ಕಾಲು ಅದರ ಮೇಲೆ ಬೀಳಬಾರದು.

"ತಲೆ ಮ್ಯಾಲೆ ಏನಾರ ಇರ್ಲಿ, ಇಲ್ದೆ ಇರ್ಲಿ. ಗದ್ದಿಗೆ ಮ್ಯಾಲೆ ಜೋಡು ಬ್ಯಾಡ. ಹೋಗಾಣ, ನಡೀರ್ಲೇ." ಅಜ್ಜ ಎದ್ದೇಬಿಟ್ಟರು.

ಗಡಿಯಾರ ನೋಡಿದೆ: ಹತ್ತೂ ಇಪ್ಪತ್ತೈದು. "ಅಜ್ಜ, ಅರ್ಧ ಗಂಟೆ ಕುಂತ್ಕಳ್ರಿ. ಸದಾನಂದ್, ದೊರೆ ಜೋಡು ಬಿಚ್ಚಿಸಿ."

"ಸಾರ್, ಚಿತ್ರದ ಸಮತೋಲನ ಕೆಡುತ್ತೆ!"

"ಶಾಲೆ ಕೆಡೋದಕ್ಕಿಂತ ವಾಸಿ."

ಅವರು ಜೋಡು ಕೆರೆದು ತೆಗೆದು ಬರಿಗಾಲು ಬರೆದರು. ಉಳಿದಿದ್ದುದು ಹಸಿರು ಬಣ್ಣವೊಂದೇ, ಪಾದಗಳೂ ಹಸಿರಾದವು. ಅದಕ್ಕೆ ಯಾರೂ ಚಕಾರವೆತ್ತಲಿಲ್ಲ. ಅಜ್ಜ ಹತ್ತಿರ ಬಂದು ಬಗ್ಗಿ ನೋಡಿದರು.

"ಬಿಚ್ಚಿದ ಜೋಡು ಎಲ್ಲಿ?"

"ಅಳಿಸಿಬಿಟ್ಟೆ ಅಜ್ಜ."

"ಏನಪ್ಪ ನೀನು! ದೊರೆ ಬರಿಗಾಲಾಗೆ ಬೆಟ್ಟ ಹತ್ತಬೇಕಾ?"

ಸದಾನಂದ ಕಂಬಳಿಯ ಅಂಚಿನಾಚೆ, ಮೂಲೆಯಲ್ಲಿ, ಒಂದು ಜೊತೆ ಜೋಡು ಬರೆದರು. ಅಜ್ಜ ಪೆನ್ನು ತೆಗೆದರು. ಸಹಿ ಬಿದ್ದಾಗ ಹತ್ತೂ ಐವತ್ತೇಳು.

ಇನ್‌ಸ್ಪೆಕ್ಟರು ಬೂಟು ಸದ್ದು ಮಾಡುತ್ತ ಬಂದರು. ಕುರಿಗಾರರು ವೇದಿಕೆಯ ಮೇಲೆ ಹಾಸಿದ್ದ ಕಂಬಳಿ ನೋಡಿದರು, ಗೋಡೆಯ ಪಟದಲ್ಲಿ ಬಣ್ಣ ಇನ್ನೂ ಆರದ ಜೋಡು ನೋಡಿದರು. ಯಾರೂ ಹೇಳದಿದ್ದರೂ ಹೊಸ್ತಿಲಲ್ಲೇ ಕುಳಿತು ಲೇಸು ಬಿಚ್ಚಿದರು. ಅವರ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗಿತ್ತು. ಅಂದಿನ ಪ್ರಾರ್ಥನೆ ಹನ್ನೊಂದೂಕಾಲಿಗೆ ನಡೆಯಿತು.

ಆಮೇಲೆ ಹೊಳಲ್ಕೆರೆ, ಹೊಸದುರ್ಗದ ಕಡೆ ಮೂರು ಶಾಲೆಗಳಲ್ಲಿ ಚಾರ್ಜ್ ತೆಗೆದುಕೊಂಡೆ. ಎಲ್ಲಿಗೆ ಹೋದರೂ ದಾಸ್ತಾನು ಪಟ್ಟಿಗಿಂತ ಮೊದಲು ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇಲ್ಲಿ ಜೋಡು ಎಲ್ಲಿ ಬಿಡಬೇಕು?