ತೂಬಿನಹಾಳದ ನೀರುಗಂಟಿ

ಸಾಬಣ್ಣ ಮಾಸ್ತರನ ಹೊಟ್ಟೆಕಿಚ್ಚು ಯಾರಿಗೂ ಗೊತ್ತಿಲ್ಲ ಅಂತ ಇಡೀ ಹುಣಸಗಿಯಲ್ಲಿ ಅವನೊಬ್ಬನೇ ತಿಳಿದುಕೊಂಡಿದ್ದ. ಪಾಪ, ಮುಖದ ಮೇಲೇ ಎದ್ದು ಕಾಣುತ್ತಿತ್ತು.

ಹೊಟ್ಟೆಕಿಚ್ಚಿಗೆ ಕಾರಣ ಒಂದು ಆಟ, ಅದನ್ನು ಊರಿಗೆ ತಂದವನೇ ಅವನು. ಹೈದರಾಬಾದಿನಲ್ಲಿ ಗೆಳೆಯನೊಬ್ಬನ ಕೋಣೆಯಲ್ಲಿ ನೋಡಿ ಕಲಿತಿದ್ದ. ಮೇಜಿನ ಸುತ್ತ ಕೂತು ಆಡುವ ಕಥೆಯಾಟ ಅದು. ಒಬ್ಬರು ಇಲ್ಲದ ನಾಡೊಂದನ್ನು ಕಟ್ಟಿ ಹೇಳುತ್ತ ಹೋಗಬೇಕು. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ, ನಾನು ಹೀಗೆ ಮಾಡುತ್ತೇನೆ ಅನ್ನಬೇಕು. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪ್ರತಿ ಭಾನುವಾರ ಮಧ್ಯಾಹ್ನ ಸಾಬಣ್ಣನ ಪಡಸಾಲೆಯಲ್ಲಿ ಆಟ. ಕರೆಂಟಿನ ಲೈನ್‌ಮನ್ ಹಣಮಂತ್ರಾಯ ಬರುತ್ತಿದ್ದ, ಸಾಬಣ್ಣನ ಬಾಲ್ಯದ ಗೆಳೆಯ. ದವಾಖಾನೆಯ ನರ್ಸ್ ಇಮಾಮಬೀ ಬರುತ್ತಿದ್ದಳು. ಕಥೆ ಹೇಳುವ ಕುರ್ಚಿ ಮಾತ್ರ ಸಾಬಣ್ಣನದು, ಅದರಲ್ಲಿ ಎರಡು ಮಾತಿಲ್ಲ.

ಅವನು ಕಟ್ಟಿದ್ದು ಹಿಮದ ನಾಡು. ಏಳು ಸುತ್ತಿನ ಕೋಟೆ, ಬೆಂಕಿ ಉಗುಳುವ ಸರ್ಪ, ಮಾತಾಡುವ ಖಡ್ಗ. ಮಾಸ್ತರ ಫ್ರಿಜ್ಜಿನೊಳಗಿನದು ಬಿಟ್ಟು ಬೇರೆ ಹಿಮ ಕಂಡವನಲ್ಲ, ಆ ಮಾತು ಬೇರೆ.

"ಸಾಬಾ, ಇಷ್ಟೆಲ್ಲ ಮಂಜಿನಾಗ ಆ ಮಂದಿ ಜ್ವಾಳ ಎಲ್ಲಿ ಬೆಳೀತಾರ?" ಅಂತ ಹಣಮಂತ್ರಾಯ ಒಮ್ಮೆ ಕೇಳಿದ.

"ಅವ್ರು ವೀರರಲೇ, ಜ್ವಾಳ ತಿನ್ನಂಗಿಲ್ಲ!" ಎಂದು ಸಾಬಣ್ಣ ರೇಗಿದ್ದ.

ಹೀಗಿರುವಾಗ ಸಾಬಣ್ಣನ ಶಾಲೆಗೆ ರತ್ನಾಬಾಯಿ ಟೀಚರ್ ವರ್ಗವಾಗಿ ಬಂದಳು. ಸುರಪುರದಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು, ಭಾನುವಾರ ಆಟಕ್ಕೂ ಬರತೊಡಗಿದಳು. ಒಂದು ವಾರ ಸಾಬಣ್ಣನಿಗೆ ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ. "ಇವತ್ತೊಂದಿನ ನಾ ಹೇಳಲೇನ್ರಿ ಸರ್?" ಅಂದಳು ರತ್ನಾಬಾಯಿ. ಅವನು ಗೋಣು ಹಾಕಿದ. ಅಲ್ಲಿಗೆ ಕೆಟ್ಟ!

ಅವಳು ಕಟ್ಟಿದ್ದು ತೂಬಿನಹಾಳ ಅನ್ನುವ ಊರು. ರಾಜನಿಲ್ಲ, ಸರ್ಪವಿಲ್ಲ. ಒಂದು ಕಾಲುವೆ, ಒಂದು ಗೇಟು, ಕಾಲುವೆಯ ತುದಿಯಲ್ಲಿ ಕಡಿಹಾಳ ಅನ್ನುವ ಇನ್ನೊಂದು ಊರು. ಆ ನಾಡಿನ ಕಟ್ಟಳೆ ಒಂದೇ: ಹೊಸ ನೀರು ಮೊದಲು ತುದಿಯ ಕಡಿಹಾಳ ಮುಟ್ಟಬೇಕು. ಅಲ್ಲಿಯ ಹೆಣ್ಣುಮಕ್ಕಳು ಆ ನೀರಿಗೆ ಅರಿಷಿಣ ಕುಂಕುಮ ಹಾಕಿ ಉಡಿ ತುಂಬಬೇಕು. ಅಲ್ಲಿತನಕ ಮೇಲಿನವರು ಒಂದು ಮಡಿಗೂ ನೀರು ಹಾಯಿಸುವಂತಿಲ್ಲ.

ಇಮಾಮಬೀ ಚಹಾ ಮರೆತಳು. ಹಣಮಂತ್ರಾಯ ಕಡಿಹಾಳದ ರೈತನಾಗಿ ಕೂತವನು, ನೀರು ಬಂತೆಂದಾಗ ಕಣ್ಣೊರೆಸಿಕೊಂಡ. ಸಾಬಣ್ಣನ ಹಿಮದ ನಾಡಿನಲ್ಲಿ ಊರಿಗೆ ಊರೇ ಸುಟ್ಟಾಗ ಇದೇ ಮನುಷ್ಯ ಶೇಂಗಾ ತಿನ್ನುತ್ತಿದ್ದ!

ಗಂಟಲು ಬಿಟ್ಟಿತು, ಕುರ್ಚಿ ತಿರುಗಿ ಬರಲಿಲ್ಲ. "ಇನ್ನೊಂದು ವಾರ ತೂಬಿನಹಾಳನ ಆಗ್ಲಿ" ಎಂದರು ಇಬ್ಬರೂ. ಸಾಬಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ತನ್ನ ಮನೆ, ತನ್ನ ಮೇಜು, ತನ್ನ ದಾಳ, ಕಥೆ ಮಾತ್ರ ಅವಳದು. ಈ ಊರನ್ನು ಕೆಡವಿದರೆ ಕುರ್ಚಿ ತನ್ನದಾಗುತ್ತದೆ ಎಂದುಕೊಂಡು, ಮುಂದಿನ ಭಾನುವಾರ ತಾನೇ ನೀರುಗಂಟಿಯ ಪಾತ್ರ ಕೇಳಿ ತೆಗೆದುಕೊಂಡ. ಕಾಲುವೆ ಕಾಯುವವನೇ ಕಳ್ಳನಾದರೆ ಅವಳ ಕಟ್ಟಳೆ ಎಲ್ಲಿ ಉಳಿದೀತು?

"ನೀರುಗಂಟಿ ಏನ್ ಮಾಡ್ತಾನ್ರಿ?" ರತ್ನಾಬಾಯಿ ಕೇಳಿದಳು.

"ನೀರು ಕದೀತಾನ."

"ಹ್ಯಾಂಗ್ರಿ? ಗೇಟು ಎತ್ತಿದ್ರ ಎಲ್ಲಾರಿಗೂ ಕಾಣ್ತದಲ್ಲ."

"ಗೇಟು ಯಾಕ ಮುಟ್ಬೇಕು?" ಸಾಬಣ್ಣ ಗೆದ್ದವನಂತೆ ಮುಂದೆ ಬಾಗಿದ. "ದಂಡಿ ಕೆಳಗ ಪೈಪ್ ಹೂಳಬೇಕು. ಬಾಯಿ ನೀರಿನೊಳಗ ಮುಳುಗಿರಬೇಕು. ಮ್ಯಾಲ ಜಾಲಿಕಂಟಿ ಒಗೀಬೇಕು, ಹಸೀದು ಅಲ್ಲ, ಒಣಗಿದ್ದು. ಹಸೀದಾದ್ರ ಕುರಿ ಬರ್ತಾವು, ಕುರಿ ಹಿಂದ ಕುರುಬರು ಬಂದು ನೋಡ್ತಾರ. ನೀರಾವರಿ ಸಾಹೇಬ್ರು ಜೀಪಿನಾಗ ಬಂದ್ರ ಹೊಲದ ಕಡೆ ಬಾಯಿಗೆ ಒಂದು ಕೊಡ ಬೋರಲು ಹಾಕಿದ್ರ ಮುಗೀತು."

ದಾಳ ಉರುಳಿಸಿದ. ಹದಿನೆಂಟು ಬಿತ್ತು, ಅಂದರೆ ಕಳವು ಕೈಗೂಡಿತು. "ನೋಡ್ರಿ, ನಿಮ್ಮ ಕಡಿಹಾಳ ಒಣಗ್ತು!" ಎಂದು ನಕ್ಕ.

ಯಾರೂ ನಗಲಿಲ್ಲ. ಹಣಮಂತ್ರಾಯ ಅವನನ್ನೇ ನೋಡುತ್ತಿದ್ದ. ಸಾಬಣ್ಣನ ಮನೆಯ ಹೊಲ ಊರಿನ ನಿಜವಾದ ಕಾಲುವೆಯ ತಲೆಯಲ್ಲಿ, ಹಣಮಂತ್ರಾಯನ ಹೊಲ ಅದೇ ಕಾಲುವೆಯ ತುದಿಯಲ್ಲಿ. ಎರಡು ವರ್ಷದಿಂದ ಅವನ ಭತ್ತ ತೆನೆಗೆ ಬರುವ ಹೊತ್ತಿಗೆ ನೀರು ನಿಲ್ಲುತ್ತಿತ್ತು.

"ಒಣಗಿದ ಕಂಟಿನ ಆಗ್ಬೇಕು ಅಂತ ನಿನಗ ಹ್ಯಾಂಗ ಗೊತ್ತಲೇ, ಸಾಬಾ?"

ಸಾಬಣ್ಣ ದಾಳವನ್ನು ತನ್ನತ್ತ ಎಳೆದುಕೊಂಡ. "ಆಟ ಅಲ್ಲೇನೋ ಇದು..."

"ಮಂಜಿನ ನಾಡಿನಾಗ ಜ್ವಾಳ ಎಲ್ಲಿ ಬೆಳೀತಾರ ಅಂದ್ರ ನಿನಗ ಗೊತ್ತಿರಲಿಲ್ಲ. ಇದು ಮಾತ್ರ ಕುರಿ ಬರೋದು ಸೈತ ಗೊತ್ತದ." ಹಣಮಂತ್ರಾಯ ಚಪ್ಪಲಿ ಮೆಟ್ಟಿ ನಡೆದುಬಿಟ್ಟ. ಇಮಾಮಬೀಯೂ ಎದ್ದಳು. ಸಾಬಣ್ಣನ ಹೊಲದಲ್ಲಿ ಅಂಥದೇ ಪೈಪ್ ಹಾಕಿಸಿದವನು ಅವನ ಅಣ್ಣ ಅಂಬ್ರಪ್ಪ ನಿಜ, ಆದರೆ ಕಂಟಿ ಒಗೆದ ಕೈ ಸಾಬಣ್ಣನದೇ.

ಆ ವಾರ ಅವನಿಗೆ ಅನ್ನ ರುಚಿಸಲಿಲ್ಲ. ಗೆಳೆಯ ಸಂತೆಯಲ್ಲಿ ಎದುರಾದರೂ ಮುಖ ತಿರುವಿಕೊಂಡು ಹೋದ. ಕುರ್ಚಿಯ ಆಸೆ ಬತ್ತಿಹೋಗಿ, ಆ ಮನುಷ್ಯ ಇನ್ನೊಮ್ಮೆ ಪಡಸಾಲೆಗೆ ಬಂದರೆ ಸಾಕು ಅನ್ನಿಸಿತು. ಶನಿವಾರ ಶಾಲೆ ಬಿಟ್ಟವನೇ ಗುದ್ದಲಿ ಹಿಡಿದು ಹೊಲಕ್ಕೆ ಹೋದ. ಅಂಬ್ರಪ್ಪ ದಂಡೆಯ ಮೇಲೆ ನಿಂತು ಬಾಯಿಗೆ ಬಂದಂತೆ ಬೈದ. ಸಾಬಣ್ಣ ಅಗೆಯುವುದು ಬಿಡಲಿಲ್ಲ.

ಭಾನುವಾರ ಇಮಾಮಬೀಯೇ ಹಣಮಂತ್ರಾಯನನ್ನು ಹಿಡಿದು ತಂದಳು. ಅವನು ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಎದ್ದು ಹೋಗುವವನ ಹಾಗೆ ಕೂತ.

"ನೀರುಗಂಟಿ ಈಗ ಏನ್ ಮಾಡ್ತಾನ್ರಿ ಸರ್?" ರತ್ನಾಬಾಯಿ ಮೆಲ್ಲಗೆ ಕೇಳಿದಳು.

"ಪೈಪ್ ಕೀಳ್ತಾನ."

ಅವಳು ದಾಳವನ್ನು ಅವನತ್ತ ಸರಿಸಿದಳು. ಸಾಬಣ್ಣ ಮುಟ್ಟಲಿಲ್ಲ. ಬೊಬ್ಬೆ ಎದ್ದ ಅಂಗೈ ಎರಡನ್ನೂ ಮೇಜಿನ ಮೇಲಿಟ್ಟ.

"ಇದಕ್ಕ ದಾಳ ಬ್ಯಾಡ್ರಿ ಟೀಚರ್. ಕಿತ್ತೇನಿ."

ಹಣಮಂತ್ರಾಯ ಆ ಕೈ ನೋಡಿದ. ಆಮೇಲೆ ಕುರ್ಚಿ ಎಳೆದುಕೊಂಡು ಮೇಜಿನ ಹತ್ತಿರ ಬಂದ. "ಹೇಳ್ರಿ ಟೀಚರ್," ಅಂದ, "ಕಡಿಹಾಳಕ್ಕ ನೀರು ಬಂತೇನು?"

ಸಾಬಣ್ಣ ಕೈ ಹಿಂದಕ್ಕೆಳೆದುಕೊಂಡು ಗೆಳೆಯನಿಗೆ ಜಾಗ ಮಾಡಿಕೊಟ್ಟ. ಬೆನ್ನಿಗೇ ಹೊಟ್ಟೆಯೊಳಗಿನ ಆ ಹಳೆಯ ಬೆಂಕಿ ಭಗ್ಗೆಂದಿತು. ಹಾಳಾದ್ದು, ಗೆಳೆಯ ಆ ಮಾತನ್ನೂ ಅವಳನ್ನೇ ಕೇಳಿದ್ದ.