ಬರಗೇರಮ್ಮನ ಗುದ್ದಲಿ, ಕೆರೆಯಂಗಳದ ಬಳ್ಳಾರಿ ಜಾಲಿ

ಬೆಳಕು ಹರಿಯುತ್ತಿದೆ. ಹೊಳಲ್ಕೆರೆ ಊರಂಚಿನ ಕೆರೆಯಂಗಳದಲ್ಲಿ ಬರಗೇರಮ್ಮ ಸೀರೆ ಎತ್ತಿ ಕಟ್ಟಿ ಬಳ್ಳಾರಿ ಜಾಲಿಯ ಬುಡಕ್ಕೆ ಗುದ್ದಲಿ ಹಾಕುತ್ತಿದ್ದಾರೆ. ಮೊಣಕೈವರೆಗೂ ಮುಳ್ಳು ಗೀರಿದ ಗಾಯ. ನೋಡುತ್ತ ನಿಂತ ನನಗೆ ಹೇಳುತ್ತಾರೆ, "ಬೇರು ಉಳೀಬಾರ್ದು ಕಣಪ್ಪ. ಉಳಿದ್ರೆ ಮತ್ತೆ ಚಿಗುರ್ತೈತೆ, ಹಾಳಾದ್ದು!" ಅತ್ತ ನೀರಂಚಿನ ಆಪು ಹುಲ್ಲಿನ ಮರೆಯಲ್ಲಿ ನೀರುಕೋಳಿ ಮರಿಗಳು ಕೂಗುತ್ತಿವೆ.

ಈ ಕೆಲಸಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಕೊಡುವುದು ಬೈಗುಳ.

ಕುರಿ ಸಾಕುವ ಮನೆತನ. ಗಂಡ ಮಾರಣ್ಣ ಇರುವವರೆಗೆ ಬೇಸಿಗೆಯಲ್ಲಿ ಮಂದೆ ಇಲ್ಲೇ ತಂಗುತ್ತಿತ್ತು. ಆಗ ಇಲ್ಲೆಲ್ಲ ಆಪು, ಜೊಂಡು, ನಾಡ ಕರಿಜಾಲಿ. ಕರಿಜಾಲಿ ತುಂಬ ಬೆಳ್ಳಕ್ಕಿ ಗೂಡು. ಅರವತ್ತರ ದಶಕದ ಕೊನೆಗೆ ಅರಣ್ಯ ಇಲಾಖೆಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಏರಿಯುದ್ದಕ್ಕೂ ಬಳ್ಳಾರಿ ಜಾಲಿ ನೆಡಿಸಿದರು. ಕಾಯಿ ಒಳ್ಳೆಯ ಮೇವು ಎಂದರು. ಎಪ್ಪತ್ತೆರಡರ ಬರದಲ್ಲಿ ಕುರಿಗಳು ಅದನ್ನೇ ತಿಂದವು, ಅಂಗಳದಲ್ಲಿ ಮಲಗಿದವು, ಹಿಕ್ಕೆ ಹಾಕಿದವು. ಮಳೆ ಬಂದದ್ದೇ ತಡ, ಹಿಕ್ಕೆ ಬಿದ್ದಲ್ಲೆಲ್ಲ ಮುಳ್ಳು!

"ಗೊಬ್ರ ಬಿದ್ರೆ ನೆಲಕ್ಕೆ ಒಳ್ಳೇದು ಅಂತ ಮಂದೆ ನಿಲ್ಸಿದ್ವಿ. ನಮ್ಮ ಕುರೀನೇ ಈ ಮುಳ್ಳು ಬಿತ್ತಿದ್ದು ಅಂತ ಆಮ್ಯಾಕೆ ಗೊತ್ತಾತು," ಎನ್ನುತ್ತಾರೆ ಬರಗೇರಮ್ಮ. ನೆಡಿಸಿದ ಸಾಹೇಬರು? ಎಂದೋ ವರ್ಗವಾಗಿ ಆರಾಮಾಗಿ ಹೋದರು.

ಈಗ ಏರಿಯ ಮೇಲೆ ಅದೇ ಇಲಾಖೆಯದೊಂದು ಬೋರ್ಡು: ಪಕ್ಷಿಗಳಿಗೆ ಮೀಸಲು, ಗಿಡ ಕೀಳಬಾರದು. ಯಾವ ಗಿಡ ಎಂದು ಕೇಳುವಷ್ಟು ಬುದ್ಧಿ ಕಚೇರಿಯಲ್ಲಿ ಒಬ್ಬರಿಗೂ ಇಲ್ಲ! ಮುಳ್ಳು ಆಪನ್ನು ನುಂಗುತ್ತಿದೆ, ಅರ್ಧ ಆಪು ಆಗಲೇ ಹೋಗಿದೆ. ಉಳಿದದ್ದೂ ಹೋದರೆ ನೀರುಕೋಳಿ ಗೂಡು ಕಟ್ಟುವುದೆಲ್ಲಿ, ಇವರ ಬೋರ್ಡಿನ ಮೇಲೆಯೇ? ಬೇಲಿಯೇ ಎದ್ದು ಹೊಲ ಮೇಯುತ್ತಿದೆ, ಕಾನೂನು ಬೇಲಿಯನ್ನೇ ಕಾಯುತ್ತಿದೆ.

ಅಷ್ಟರಲ್ಲಿ ಕಾವಲುಗಾರ ಗಂಗಾಧರಪ್ಪ ಬರುತ್ತಾರೆ. "ಅಕ್ಕಾ, ಗುದ್ದಲಿ ಕೊಡ್ರಿ. ಇನ್ನೊಂದ್ಸಲ ಕಂಡ್ರೆ ಕೇಸ್ ಹಾಕ್ತಾರಂತೆ. ನನ್ನ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ್ರಿ."

"ತಗಳಪ್ಪ!" ಬರಗೇರಮ್ಮ ಗುದ್ದಲಿಯನ್ನು ಅವರ ಕಾಲ ಬಳಿ ಎಸೆಯುತ್ತಾರೆ. "ಆ ಮರಿ ಕೂಗಾದು ಕೇಳಿಸ್ತೈತಾ? ಅವುಕ್ಕೂ ಕೇಸ್ ಹಾಕ್ರಿ!"

ಗಂಗಾಧರಪ್ಪ ತಲೆ ತಗ್ಗಿಸಿ ಗುದ್ದಲಿ ಹೊತ್ತು ಏರಿ ಹತ್ತುತ್ತಾರೆ. ಕಚೇರಿಗೆ ಏನಾದರೂ ಹೇಳಬೇಕಾ ಎಂದು ಬರಗೇರಮ್ಮನವರನ್ನು ಕೇಳುತ್ತೇನೆ.

"ಏನೂ ಬ್ಯಾಡ. ಅಡ್ಡ ಬರಬ್ಯಾಡ್ರಿ ಅಂತ ಹೇಳ್ರಿ, ಸಾಕು."

ಮಾತು ಮುಗಿಸಿ ಅವರು ಕೆಸರಲ್ಲಿ ಕುಕ್ಕರುಗಾಲಲ್ಲಿ ಕೂತು, ಸೆರಗು ಕೈಗೆ ಸುತ್ತಿ, ಮುಂದಿನ ಜಾಲಿ ಸಸಿಯ ಬುಡ ಹಿಡಿಯುತ್ತಾರೆ. "ಮಳೆ ಬಿದ್ದೈತೆ, ನೆಲ ಮೆತ್ತಗೈತೆ, ಕೈಯಾಗೇ ಬರ್ತೈತೆ. ನಮ್ಮ ಕುರಿ ಬಿತ್ತಿದ್ದಪ್ಪ ಇದು. ನಾನು ಕೀಳ್ದೆ ಇನ್ಯಾರು ಕೀಳ್ತಾರೆ?"